ಮರ ಹತ್ತುವ ಮೊದಲಿನ ಮಾತು

ಕೊಪ್ಪದ ಆ ನರ್ಸಿಂಗ್ ಹೋಮಿನಲ್ಲಿ ಸಂಬಳ ಎಂಬ ಶಬ್ದವೇ ಇರಲಿಲ್ಲ. ತಿಂಗಳ ಏಳನೇ ತಾರೀಕು ಸಹಿ ಹಾಕಿಸಿಕೊಳ್ಳುವ ಉದ್ದನೆಯ ಪುಸ್ತಕದ ಮೇಲೆ ಡಾಕ್ಟರ್ ಮಹೇಶ್ವರ ಅವರು ತಮ್ಮ ಕೈಯಾರೆ, ದುಂಡಗಿನ ಅಕ್ಷರದಲ್ಲಿ, 'ಗೌರವಧನ' ಎಂದು ಬರೆದಿದ್ದರು. ಅರ್ಪಣಾ ಮೂರು ವರ್ಷದಿಂದ ಆ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಳು. ಅದರಲ್ಲಿ ಗೌರವ ಎಷ್ಟು, ಧನ ಎಷ್ಟು ಎಂದು ಬಿಡಿಸಿ ನೋಡುವ ಉಸಾಬರಿಗೆ ಅವಳು ಹೋಗಿರಲಿಲ್ಲ. ಹೋಗಿದ್ದರೆ ಎರಡೂ ಸಿಗುತ್ತಿರಲಿಲ್ಲ. ತಿಂಗಳಿಗೆ ಎರಡು ಸಾವಿರದ ನಾನೂರು ರೂಪಾಯಿ. ಅದು ಎರಡು ಸಾವಿರದ ಏಳನೇ ಇಸವಿ, ಅಂದರೆ ಇಪ್ಪತ್ತೇಳು ದಿನ ದುಡಿದವಳಿಗೆ ಅಷ್ಟು ಕೊಟ್ಟರೆ ನಾಚಿಕೆಯಾಗಬೇಕಾದ ಕಾಲ.

ಅವಳು ಶೆಟ್ಟಿಕೊಪ್ಪದ ರಂಗಪ್ಪನವರ ಮಗಳು. ಪಿಯುಸಿ ಮುಗಿಸಿ, ಮೂರೂವರೆ ವರ್ಷ ನರ್ಸಿಂಗ್ ಓದಿ, ಪಾಸಾಗಿ, ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿಕೊಂಡ ನರ್ಸು. ಇಪ್ಪತ್ತು ಹಾಸಿಗೆಯ ಆ ಆಸ್ಪತ್ರೆಯಲ್ಲಿ ನೋಂದಣಿ ಇದ್ದವಳು ಅವಳೊಬ್ಬಳೇ. ಉಳಿದ ನಾಲ್ಕು ಹುಡುಗಿಯರು ಎಸ್ಸೆಸ್ಸೆಲ್ಸಿಗೆ ಕೈಮುಗಿದು ಬಂದವರು. ಬಿಳಿ ಕೋಟು ಹಾಕಿಸಿ, ಸೂಜಿ ಹಿಡಿಯುವುದರಿಂದ ಹಿಡಿದು ಡ್ರಿಪ್ಪಿನ ಹನಿ ಎಣಿಸುವವರೆಗೆ ಅವರಿಗೆ ಕಲಿಸಿದವಳೂ ಇವಳೇ. ತಪಾಸಣೆಗೆ ಯಾರಾದರೂ ಬಂದರೆ ಡಾಕ್ಟರು ಮುಂದೆ ನಿಲ್ಲಿಸುತ್ತಿದ್ದುದೂ ಇವಳನ್ನೇ.

ಡಾಕ್ಟರು ಕೆಟ್ಟ ಮಾತಿನ ಮನುಷ್ಯನಲ್ಲ. ಅದೇ ತೊಂದರೆ. ಬೈಯುವವರಾಗಿದ್ದರೆ ತಿರುಗಿ ಬೈಯಬಹುದಿತ್ತು. ಇವರು ಹೊಗಳುತ್ತಿದ್ದರು. ಹೊಗಳಿಕೆಗೆ ದುಡ್ಡು ಬೀಳುವುದಿಲ್ಲವಲ್ಲ. ಬಾಳೆಹೊನ್ನೂರಿನ ಕಾಫಿ ತೋಟದ ವೃಷಭೇಂದ್ರಪ್ಪನವರು ಸಕ್ಕರೆ ಕಾಯಿಲೆಯಿಂದ ಪಾದ ಹುಣ್ಣಾಗಿ ತಿಂಗಳಿಂದ ಮೇಲಿನ ಸ್ಪೆಷಲ್ ರೂಮಿನಲ್ಲಿದ್ದರು. ಅರ್ಪಣಾ ಬಿಟ್ಟು ಬೇರೆ ಯಾರೂ ಡ್ರೆಸ್ಸಿಂಗ್ ಮಾಡಕೂಡದು ಎಂದು ಅವರ ಹಟ. 'ಏನು ಕೈಗುಣವಮ್ಮ ನಿಂದು' ಎಂದು ಡಾಕ್ಟರು ಎಲ್ಲರೆದುರೂ ಹೇಳುತ್ತಿದ್ದರು. ಹೋದ ವರ್ಷ ಅವಳು ಐನೂರು ರೂಪಾಯಿ ಹೆಚ್ಚಿಗೆ ಕೇಳಿದಾಗ ನಕ್ಕು, ಅರ್ಪಣಾ ಅಂತ ಹೆಸರಿಟ್ಟುಕೊಂಡು ಸಂಬಳದ ಮಾತಾಡುತ್ತೀಯಲ್ಲ ಎಂದಿದ್ದರು. ಅಲ್ಲಿದ್ದವರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು, ಆಮೇಲೆ ಮೂರು ದಿನ ತನ್ನ ಮೇಲೇ ಸಿಟ್ಟು ಮಾಡಿಕೊಂಡಿದ್ದಳು.

ಆದರೆ ಈ ಕಥೆಯ ಬೇರು ಡಾಕ್ಟರಲ್ಲಿಲ್ಲ, ರಂಗಪ್ಪನವರ ಬಾಯಲ್ಲಿದೆ. ಅಡಿಕೆ ಕೊಯ್ಲಿನ ಕಾಲದಲ್ಲಿ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಕರಿಯಣ್ಣ ಅವರ ಮನೆಗೆ ಬರುತ್ತಾನೆ. ಬಂದವನು ನೇರ ಮರ ಹತ್ತುವುದಿಲ್ಲ. ಕಾಲಿಗೆ ಹಗ್ಗದ ತಳೆ ಸಿಕ್ಕಿಸುವ ಮುಂಚೆ ಅಂಗಳದಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ, ದಿನಕ್ಕೆ ಎಷ್ಟು ಎಂದು ಯಜಮಾನರ ಬಾಯಲ್ಲೇ ಹೇಳಿಸುತ್ತಾನೆ. ಮರದ ಮೇಲೆ ನಿಂತು ಚೌಕಾಸಿ ಮಾಡುವುದಕ್ಕಾಗುವುದಿಲ್ಲ, ಇಳಿದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬುದು ಅವನ ಲೆಕ್ಕ. ರಂಗಪ್ಪನವರೂ ಏನು ಕಡಿಮೆಯಲ್ಲ. ಇಪ್ಪತ್ತು ರೂಪಾಯಿಗೆ ಅರ್ಧ ಗಂಟೆ ಎಳೆದಾಡುತ್ತಾರೆ. ಅಂಥ ಮನುಷ್ಯ, ಮಗಳನ್ನು ಕೆಲಸಕ್ಕೆ ಸೇರಿಸಲು ಡಾಕ್ಟರ ಕೋಣೆಗೆ ಹೋದವರು, ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು, 'ನೀವು ಕೊಟ್ಟಷ್ಟು ಕೊಡಿ ಡಾಕ್ಟ್ರೆ, ನೀವು ಕೊಟ್ಟಿದ್ದೇ ಪ್ರಸಾದ' ಎಂದುಬಿಟ್ಟರು. ಪುರೋಹಿತರ ಹತ್ತಿರ, ಡಾಕ್ಟರ ಹತ್ತಿರ ಎಷ್ಟು ಎಂದು ಕೇಳಬಾರದು ಎಂಬುದು ಆ ಕಡೆಯ ದೊಡ್ಡ ಮರ್ಯಾದೆ. ಮಾವಿನ ಮಿಡಿ ಕೊಳ್ಳುವಾಗ ಇಲ್ಲದ ಮರ್ಯಾದೆ ಮಗಳನ್ನು ಕೊಡುವಾಗ ಬಂತು.

ಡಾಕ್ಟರು ಪ್ರಸಾದವನ್ನೇ ಕೊಟ್ಟರು. ಅಂಗೈ ಮಧ್ಯಕ್ಕೆ ಬೀಳುವಷ್ಟು. ಜೊತೆಗೆ ಅವಳ ಮಾರ್ಕ್ಸ್ ಕಾರ್ಡು, ಡಿಪ್ಲೊಮಾ, ನೋಂದಣಿ ಪತ್ರ, ಎಲ್ಲ ಒರಿಜಿನಲ್ಲುಗಳನ್ನೂ 'ಭದ್ರವಾಗಿರಲಿ' ಎಂದು ತಮ್ಮ ಬೀರುವಿಗೆ ಹಾಕಿ ಬೀಗ ಜಡಿದರು. ರಂಗಪ್ಪನವರು ಅದಕ್ಕೂ ಕೈಮುಗಿದು ಬಂದಿದ್ದರು.

ಹೀಗಿರುವಾಗ ಒಂದು ಬುಧವಾರ ಚಿಕ್ಕಮಗಳೂರಿನಿಂದ ಪತ್ರ ಬಂತು. ಕೆರೆಕಟ್ಟೆಯ ಸರ್ಕಾರಿ ಆಸ್ಪತ್ರೆಗೆ ಗುತ್ತಿಗೆಯ ಮೇಲೆ ಸ್ಟಾಫ್ ನರ್ಸು ಬೇಕಾಗಿತ್ತು. ದಿನಕ್ಕೆ ಎರಡೇ ಬಸ್ಸು, ಸುತ್ತ ಕಾಡು, ಅಲ್ಲಿಗೆ ಹೋಗುತ್ತೇನೆನ್ನುವವರೇ ಇಲ್ಲ. ಅರ್ಪಣಾ ಅರ್ಜಿ ಹಾಕಿದ್ದಳು, ಹೆಸರು ಬಂದಿತ್ತು. ಬರುವ ಸೋಮವಾರ ಹತ್ತು ಗಂಟೆಗೆ ಮೂಲ ದಾಖಲೆಗಳೊಂದಿಗೆ ಹಾಜರಾಗಬೇಕು, ತಪ್ಪಿದರೆ ಮುಂದಿನವರಿಗೆ ಎಂದು ಪತ್ರದಲ್ಲಿತ್ತು. ಮೂಲ ದಾಖಲೆಗಳೋ, ಡಾಕ್ಟರ ಬೀರುವಿನಲ್ಲಿದ್ದವು.

ಅವಳು ಕೇಳಿದಳು. ಡಾಕ್ಟರು ಪತ್ರ ಓದಿ, ಮಡಿಸಿ, ವಾಪಸು ಕೊಟ್ಟರು. ಸಿಟ್ಟು ಮಾಡಲಿಲ್ಲ. ಶುಕ್ರವಾರ ನರಸಿಂಹರಾಜಪುರದ ಜೂನಿಯರ್ ಕಾಲೇಜಿನಲ್ಲಿ ಒಂದು ಮಾರ್ಗದರ್ಶನ ಸಭೆ ಇದೆ, ಅಲ್ಲಿಗೆ ಹೋಗಿ ಹುಡುಗಿಯರಿಗೆ ನಾಲ್ಕು ಮಾತು ಹೇಳಿ ಬಾ, ಶನಿವಾರ ಬಂದು ನಿನ್ನ ಕಾಗದ ತಗೊಂಡು ಹೋಗು ಎಂದರು. ಸಭೆ ನಡೆಸುತ್ತಿದ್ದವರು ಅವರ ಭಾವಮೈದುನ. ಕರಾವಳಿಯಲ್ಲಿ ಆತ ಒಂದು ನರ್ಸಿಂಗ್ ಕಾಲೇಜು ತೆರೆದಿದ್ದ, ಸೀಟು ಭರ್ತಿಯಾಗಬೇಕಿತ್ತು. ಹೇಳಬೇಕಾದ ನಾಲ್ಕು ಮಾತೂ ಒಂದು ನುಣುಪು ಕಾಗದದಲ್ಲಿ ಅಚ್ಚಾಗಿಯೇ ಬಂದಿದ್ದವು.

ಕಾಗದದ ತಲೆಬರಹ 'ನರ್ಸಿಂಗ್ ನಿಮಗೆ ಒಗ್ಗುತ್ತದೆಯೇ?' ಎಂದಿತ್ತು. ಕೆಳಗೆ ಐದು ಪ್ರಶ್ನೆ. ನಿಮಗೆ ಕರುಣೆ ಇದೆಯೇ, ತಾಳ್ಮೆ ಇದೆಯೇ, ನಗುಮುಖ ಇದೆಯೇ, ಹೀಗೆ. ಎಲ್ಲಕ್ಕೂ ಹೌದು ಎನ್ನುವವರು ಹುಟ್ಟಾ ನರ್ಸುಗಳಂತೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ನೋಂದಾಯಿತ ನರ್ಸಿನ ಸಂಬಳ ಆರಂಭದಲ್ಲೇ ತಿಂಗಳಿಗೆ ಹದಿನೈದು ಸಾವಿರ, ವಿದೇಶಕ್ಕೆ ಹೋದರೆ ಲಕ್ಷ. ಪಕ್ಕದಲ್ಲಿ ಡಾಕ್ಟರು ಪೆನ್ಸಿಲಿನಲ್ಲಿ ಬರೆದಿದ್ದರು: 'ನನಗೂ ಅಷ್ಟೇ ಬರುತ್ತದೆ ಎಂದು ಹೇಳುವುದು.'

ಶುಕ್ರವಾರ ಬಸ್ಸಿನಲ್ಲಿ ಕೂತು ಅವಳು ಆ ಐದು ಪ್ರಶ್ನೆಗಳನ್ನು ಓದಿದಳು, ಮತ್ತೆ ಓದಿದಳು. ಓದಿದಷ್ಟೂ ಮೈ ಉರಿಯಿತು. ಬ್ಯಾಂಕಿನ ಕೆಲಸಕ್ಕೆ ಹೋಗುವವನನ್ನು ನಿನಗೆ ಕರುಣೆ ಇದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಕರಿಯಣ್ಣನಿಗೆ ನಗುಮುಖ ಇದೆಯೇ ಎಂದು ನೋಡಿ ಕೂಲಿ ಕೊಡುತ್ತಾರೆಯೇ? ಹೆಣ್ಣುಮಗಳ ಕೆಲಸಕ್ಕೆ ಮಾತ್ರ ಮೊದಲು ಅವಳ ಗುಣ ತೂಗಬೇಕು. ಗುಣ ಚೆನ್ನಾಗಿದೆ ಎಂದು ಸಾಬೀತಾದ ಮೇಲೆ, ಇಷ್ಟು ಗುಣವಂತೆಗೆ ದುಡ್ಡು ಯಾಕೆ ಎನ್ನಬೇಕು. ಆದರೂ ಅವಳು ಓದಿಬಿಡುವುದೆಂದೇ ನಿಶ್ಚಯ ಮಾಡಿದ್ದಳು. ಒಂದು ಸುಳ್ಳು, ಒಂದೇ ಸಲ. ಸೋಮವಾರ ಕೈಯಲ್ಲಿ ಕಾಗದ ಇರುತ್ತದೆ. ಜಗತ್ತು ತಿದ್ದುವ ಗುತ್ತಿಗೆಯನ್ನು ಅವಳೇನೂ ಹಿಡಿದಿರಲಿಲ್ಲ.

ಕಾಲೇಜಿನ ಸಭಾಂಗಣ ತುಂಬಿತ್ತು. ಎಂಬತ್ತು ತೊಂಬತ್ತು ಹುಡುಗಿಯರು, ಹಿಂದಿನ ಬೆಂಚುಗಳಲ್ಲಿ ಅಪ್ಪ ಅಮ್ಮಂದಿರು. ಭಾವಮೈದುನ ಕೋಟು ಹಾಕಿಕೊಂಡು ಅವಳನ್ನು 'ನಿಮ್ಮ ಊರಿನ ಹೆಮ್ಮೆ' ಎಂದು ಪರಿಚಯಿಸಿದ. ಅವಳು ಪ್ರಶ್ನೆಗಳನ್ನು ಓದುತ್ತಾ ಹೋದಳು. ಪ್ರತಿ ಪ್ರಶ್ನೆಗೂ ಹುಡುಗಿಯರು ಕೈ ಎತ್ತಿದರು. ಐದನೆಯದು, ಹಣಕ್ಕಿಂತ ಸೇವೆ ದೊಡ್ಡದೆಂದು ನಂಬುತ್ತೀರಾ ಎಂಬುದು. ಅದಕ್ಕೂ ಕೈಗಳು ಎದ್ದವು, ಎಲ್ಲಕ್ಕಿಂತ ಎತ್ತರವಾಗಿ. ಆ ಕೈಗಳನ್ನು ನೋಡುತ್ತಿದ್ದಾಗಲೇ ಹಿಂದಿನಿಂದ ಒಬ್ಬ ಎದ್ದು ನಿಂತ. ಕರಿಯಣ್ಣ. ಅವನ ಮಗಳು ನಯನ ಎರಡನೇ ಸಾಲಿನಲ್ಲಿದ್ದಳು. ಅವಳನ್ನು ಕರಾವಳಿಯ ಆ ನರ್ಸಿಂಗ್ ಕಾಲೇಜಿಗೆ ಸೇರಿಸಲೆಂದು ಅವನು ಎರಡು ಎಮ್ಮೆಗಳ ವ್ಯಾಪಾರವನ್ನೂ ಮಾತಾಡಿಟ್ಟು ಬಂದಿದ್ದ.

"ಪೇಪರಲ್ಲಿರೋದು ಇರ್ಲಿ ಅರ್ಪಣಮ್ಮ" ಎಂದ. "ನಿಮಗೆ ಎಷ್ಟು ಕೊಡ್ತಾರೆ, ಅದನ್ನ ಹೇಳಿ. ಮರ ಹತ್ತೋಕೆ ಮುಂಚೆ ನಿಮ್ಮಪ್ಪಾರ ಹತ್ರ ನಾನು ಕೇಳೋದಿಲ್ವಾ, ಹಂಗೇ ಕೇಳ್ತಿದೀನಿ."

ಭಾವಮೈದುನ ನಗುತ್ತಾ, ಹೇಳಿ ಸಿಸ್ಟರ್, ಸಂಕೋಚ ಯಾಕೆ ಎಂದ.

ಹದಿನೈದು ಸಾವಿರ. ಎರಡೇ ಶಬ್ದ. ನಾಲಿಗೆಯ ತುದಿಯಲ್ಲೇ ಇತ್ತು. ಕರಿಯಣ್ಣ ಅವಳನ್ನು ಚಿಕ್ಕ ಹುಡುಗಿಯಿಂದ ಬಲ್ಲವನು. ಅವಳು ಏನು ಹೇಳಿದರೂ ನಂಬಿ ಎಮ್ಮೆ ಮಾರುವವನು. ಅವನು ಅಂಗಳದಲ್ಲಿ ನಿಲ್ಲುವ ಹಾಗೆಯೇ ಕಾಲು ಅಗಲಿಸಿ ನಿಂತು ಕಾಯುತ್ತಿದ್ದ. ಅವಳಿಗೆ ಸೋಮವಾರ ನೆನಪಾಯಿತು, ಬೀರು ನೆನಪಾಯಿತು, ಮುಂದಿನವರಿಗೆ ಎಂಬ ಪತ್ರದ ಕೊನೆಯ ಸಾಲು ನೆನಪಾಯಿತು.

"ಎರಡು ಸಾವಿರದ ನಾನೂರು" ಎಂದಳು.

ಕರಿಯಣ್ಣನಿಗೆ ಸರಿಯಾಗಿ ಕೇಳಿಸಿತು, ಅರ್ಥವಾಗಲಿಲ್ಲ. "ವಾರಕ್ಕಾ?"

"ತಿಂಗಳಿಗೆ."

ಕರಿಯಣ್ಣ ಬೆರಳು ಮಡಚಿ ಎಣಿಸಿದ. ದಿನಕ್ಕೆ ಇನ್ನೂರೈವತ್ತು ಅವನ ಕೂಲಿ. ಹತ್ತು ಬೆರಳು ಮುಗಿಯುವ ಮೊದಲೇ ಅವಳ ತಿಂಗಳು ಮುಗಿದುಹೋಯಿತು. ಅವನು ನಗಲಿಲ್ಲ. ಅವಳಿಗೆ ಬೇಜಾರಾಗಬಾರದೆಂದು ಕೈಯನ್ನು ಪಂಚೆಯ ಮರೆಗೆ ಎಳೆದುಕೊಂಡ. ಅವಳಿಗೆ ಅಷ್ಟು ಹೊತ್ತೂ ಬಾರದ ಅಳು ಬಂದದ್ದು ಅದನ್ನು ನೋಡಿ.

ಭಾವಮೈದುನ ಮೈಕು ಕಿತ್ತುಕೊಳ್ಳಲು ಬಂದ. ಅಷ್ಟರಲ್ಲಿ ನಯನ ಎದ್ದು, ಹಾಗಾದರೆ ಈ ಕೆಲಸ ನಿಮಗೆ ಒಗ್ಗಲಿಲ್ಲವಾ ಅಕ್ಕ ಎಂದು ಕೇಳಿದಳು. ಅರ್ಪಣಾ ಮೈಕು ಬಿಟ್ಟು ಬಾಯಲ್ಲೇ ಹೇಳಿದಳು.

"ಕೆಲಸ ಒಗ್ಗಿದೆ ನಯನ. ಕೀವು ನೋಡಿದ್ರೆ ನಂಗೆ ಹೇಸಿಗೆ ಆಗಲ್ಲ. ಸಾಯೋರ ಪಕ್ಕ ಕೂರೋಕೆ ಹೆದರಿಕೆ ಇಲ್ಲ. ಕೂಲಿ ಒಗ್ಗಿಲ್ಲ. ಅದೂ ಇದೂ ಒಂದೇ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಕಲಿಯೋದಾದ್ರೆ ಕಲಿ. ಸೇರೋ ದಿನ ಎಷ್ಟು ಅಂತ ನಿಮ್ಮಪ್ಪನ ಹಾಗೆ ಕೇಳು. ನಾನು ಕೇಳದೆ ಹತ್ತಿದೆ."

ಆ ಸುದ್ದಿ ಅವಳಿಗಿಂತ ಮೊದಲೇ ಕೊಪ್ಪ ಮುಟ್ಟಿತ್ತು. ಮೊಬೈಲು ಬಂದ ಮೇಲೆ ಚಾಡಿಗೆ ಬಸ್ಸು ಕಾಯುವ ಕಷ್ಟವಿಲ್ಲ. ಶನಿವಾರ ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋದಾಗ ಅವರು ಎಂದಿನಂತೆ ಮೆಲ್ಲಗೇ ಮಾತಾಡಿದರು. ಬಿಟ್ಟು ಹೋಗುವವರು ಮೂರು ತಿಂಗಳು ಮೊದಲೇ ತಿಳಿಸಬೇಕಂತೆ. ಆ ಮೂರು ತಿಂಗಳು ಮುಗಿಸಿದರೆ ಕಾಗದ ಕೊಡುತ್ತಾರಂತೆ. ಎಲ್ಲಿ ಬರೆದಿದೆ ಸಾರ್ ಎಂದು ಕೇಳಿದ್ದಕ್ಕೆ, ಎಲ್ಲವನ್ನೂ ಬರೆದಿಡೋದಕ್ಕೆ ಇದೇನು ಅಂಗಡಿಯಾ ಅಂದರು.

"ನೋಡಮ್ಮ, ವೃಷಭೇಂದ್ರಪ್ಪನವರ ಕಾಲು ಇನ್ನೂ ಮಾಗಿಲ್ಲ. ಅವರನ್ನು ಹಾಗೇ ಬಿಟ್ಟು ಹೋಗೋಳು ನೀನಲ್ಲ. ನನಗೆ ಗೊತ್ತು."

ಹೌದು, ಗೊತ್ತಿತ್ತು. ಬೀಗ ಹಾಕಿದ್ದು ಬೀರುವಿಗೆ ಮಾತ್ರ ಅಲ್ಲ. ಅವಳ ಒಳ್ಳೆಯತನದ ಕೀಲಿಯೂ ತಮ್ಮ ಕಿಸೆಯಲ್ಲೇ ಇದೆ ಎಂದು ಆ ಮನುಷ್ಯ ಮೂರು ವರ್ಷದಿಂದ ನಿಶ್ಚಿಂತೆಯಿಂದಿದ್ದರು. ಅವಳಿಗೆ ಆವರೆಗೆ ಬಂದಿದ್ದ ಸಿಟ್ಟೆಲ್ಲ ಬರಿಯ ಮುನಿಸು. ನಿಜವಾದ ಸಿಟ್ಟು ಆಗ ಬಂತು.

ಆದರೂ ಅವಳು ಮೊದಲು ಮೇಲೆ ಹೋಗಿ ವೃಷಭೇಂದ್ರಪ್ಪನವರ ಕಾಲಿನ ಕಟ್ಟು ಬಿಚ್ಚಿದಳು. ಹುಣ್ಣು ತೊಳೆದು, ಸತ್ತ ಚರ್ಮ ತೆಗೆದು, ಔಷಧಿ ಹಚ್ಚಿ, ಹೊಸ ಕಟ್ಟು ಹಾಕಿದಳು. ನಲವತ್ತು ನಿಮಿಷ ಹಿಡಿಯಿತು. ಒಂದು ನಿಮಿಷವನ್ನೂ ಕದಿಯಲಿಲ್ಲ. ಡ್ರೆಸ್ಸಿಂಗ್ ಕಲಿತಿದ್ದ ಹುಡುಗಿಯೊಬ್ಬಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕಟ್ಟು ಎಷ್ಟು ಬಿಗಿ ಇರಬೇಕೆಂದು ತೋರಿಸಿಕೊಟ್ಟಳು. ಕೈ ತೊಳೆದುಕೊಂಡು ಕೆಳಗಿಳಿದು ಬಂದಳು.

ಶನಿವಾರ ಹೊರರೋಗಿಗಳ ಹಜಾರ ಕಿಕ್ಕಿರಿದಿರುತ್ತದೆ. ಶೃಂಗೇರಿ ಕಡೆಯವರು, ಜಯಪುರದವರು, ಚೀಟಿ ಹಿಡಿದು ಗೋಡೆಗೊರಗಿ ನಿಂತವರು. ಅವಳು ಮಧ್ಯದಲ್ಲಿ ಹೋಗಿ ನಿಂತಳು, ಕರಿಯಣ್ಣ ನಿಲ್ಲುವ ಹಾಗೆ, ಕಾಲು ಅಗಲಿಸಿ.

"ಡಾಕ್ಟ್ರೇ, ಇಲ್ಲಿ ಬನ್ನಿ" ಎಂದಳು. ಕೂಗಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಮೂರು ವರ್ಷದ ಹಿಂದೆ ಕೇಳಬೇಕಾಗಿದ್ದನ್ನ ಇವತ್ತು ಕೇಳ್ತಿದೀನಿ. ನೀವು ನಂಗೆ ತಿಂಗಳಿಗೆ ಕೊಡೋದು ಎರಡು ಸಾವಿರದ ನಾನೂರು. ನನ್ನ ಒರಿಜಿನಲ್ಸ್ ನಿಮ್ಮ ಬೀರುವಲ್ಲಿವೆ. ಸೋಮವಾರ ಅದು ನಂಗೆ ಬೇಕು. ಕೊಡ್ತೀರಾ ಇಲ್ವಾ, ಇವರೆಲ್ಲರ ಎದುರು ಹೇಳಿ."

ಡಾಕ್ಟರು ಬಾಗಿಲಿಗೆ ಬಂದರು. ಒಳಗೆ ಬಾಮ್ಮ, ಮಾತಾಡೋಣ ಎಂದರು. ಅವಳು ಕದಲಲಿಲ್ಲ. ಆಗ ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಆಯಾ ವೀರಬಸಮ್ಮ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದು ನಿಂತಳು. ಹದಿನೆಂಟು ವರ್ಷದಿಂದ ಅವಳ ಬಾಯಲ್ಲಿ 'ಹೌದು ಸಾರ್' ಬಿಟ್ಟು ಬೇರೆ ಮಾತು ಕೇಳಿದವರಿರಲಿಲ್ಲ.

"ನಂಗೆ ಸಾವಿರದ ಇನ್ನೂರು" ಎಂದಳು. "ಹದಿನೆಂಟು ವರ್ಷ ಆತು."

ಕೆರೆಕಟ್ಟೆಯ ಲಿಂಗಪ್ಪ ಎಂಬವನು ಅಲ್ಲೇ ನಿಂತಿದ್ದ. ಹೆರಿಗೆಯಾದ ಹೆಂಡತಿಯನ್ನು ಅಂದು ಮನೆಗೆ ಕರೆದೊಯ್ಯಬೇಕಿತ್ತು, ಕೈಯಲ್ಲಿ ಬಿಲ್ಲಿತ್ತು. ಅವನು ಬಿಲ್ಲನ್ನು ಕಣ್ಣಿನ ಹತ್ತಿರ ಹಿಡಿದು ಓದಿದ.

"ಇಲ್ಲಿ ನರ್ಸಿಂಗ್ ಚಾರ್ಜು ದಿನಕ್ಕೆ ನೂರಿಪ್ಪತ್ತು ಅಂತ ಹಾಕಿದಾರಲ್ಲ ಮಾರಾಯ್ರೆ. ನಾನೊಬ್ಬನೇ ನೂರಿಪ್ಪತ್ತು ಕೊಟ್ಟೆ. ಇವರಿಗೆ ದಿನಕ್ಕೆ ಎಂಬತ್ತಾ?"

ಗೋಡೆಗೊರಗಿದವರೆಲ್ಲ ನೆಟ್ಟಗಾದರು. ಚೀಟಿಗಳ ಜೊತೆ ಹಳೆಯ ಬಿಲ್ಲು ಇದ್ದವರು ಅದನ್ನು ಹುಡುಕತೊಡಗಿದರು. ಇಪ್ಪತ್ತು ಹಾಸಿಗೆ, ನೂರಿಪ್ಪತ್ತು, ಲೆಕ್ಕ ಬಾರದವರಿಗೂ ಅಲ್ಲಿ ಲೆಕ್ಕ ಬಂತು. ಡಾಕ್ಟರ ಮುಖ ಬಣ್ಣ ಬದಲಿಸಿತು. ಅವಳ ಮಾತಿಗೆ ಬಾರದ ನಾಚಿಕೆ ಗಿರಾಕಿಗಳ ಕಾಗದಕ್ಕೆ ಬಂತು. ಅವರು ಒಳಗೆ ಹೋದರು, ಬೀರುವಿನ ಬಾಗಿಲು ಕಿರುಗುಟ್ಟಿತು, ಫೈಲು ಹಿಡಿದು ಬಂದರು. ತಗೋ ಎಂದಷ್ಟೇ ಹೇಳಿದರು. ಕೈಗುಣದ ಮಾತು ಎತ್ತಲಿಲ್ಲ.

ಅವಳು ಅಲ್ಲೇ ನಿಂತು ಒಂದೊಂದೇ ಕಾಗದ ತೆಗೆದು ನೋಡಿದಳು. ಮೂರು ಮಳೆಗಾಲ ಬೀರುವಿನಲ್ಲಿ ಕೂತ ಕಾಗದಗಳಿಗೆ ಬೂಷ್ಟು ಹಿಡಿದಿತ್ತು. ಅವಳು ಸೆರಗಿನಿಂದ ಒರೆಸಿದಳು. ನೋಂದಣಿ ಸಂಖ್ಯೆ ಸ್ಪಷ್ಟವಾಗಿಯೇ ಇತ್ತು. ಹೊರಡುವಾಗ ವೀರಬಸಮ್ಮ ಮತ್ತೆ ನೆಲ ಒರೆಸುತ್ತಿದ್ದಳು. ಅವಳದೆನ್ನುವ ಕಾಗದ ಯಾವ ಬೀರುವಿನಲ್ಲೂ ಇರಲಿಲ್ಲ, ಹೋಗಿ ತೋರಿಸಲು ಯಾವ ಆಫೀಸೂ ಇರಲಿಲ್ಲ. ಆ ಸಿಟ್ಟನ್ನು ಅರ್ಪಣಾ ಎಲ್ಲಿ ಇಡಬೇಕೆಂದು ತಿಳಿಯದೆ ಹೊತ್ತುಕೊಂಡೇ ಮನೆಗೆ ಹೋದಳು.

ಸೋಮವಾರ ರಂಗಪ್ಪನವರೂ ಜೊತೆಗೆ ಹೊರಟರು. ಚಿಕ್ಕಮಗಳೂರಿನ ಆಫೀಸಿನಲ್ಲಿ ಗುಮಾಸ್ತ ಕಾಗದಗಳನ್ನು ನೋಡಿ, ಕೆರೆಕಟ್ಟೆಗೆ ನಿಜವಾಗಿಯೂ ಹೋಗ್ತೀರಾ ಎಂದು ಎರಡು ಸಲ ಕೇಳಿ, ಆರ್ಡರನ್ನು ಮುಂದಿಟ್ಟು ಸಹಿ ಮಾಡಿ ಎಂದ. ರಂಗಪ್ಪನವರ ಕೈ ಆಗಲೇ ಟವೆಲ್ಲಿಗೆ ಹೋಗಿತ್ತು, ಏನೋ ಹೇಳಲು ಬಾಯಿ ತೆರೆದಿದ್ದರು. ಅರ್ಪಣಾ ಅಪ್ಪನ ಮೊಣಕೈ ಹಿಡಿದು ನಿಲ್ಲಿಸಿದಳು.

"ಎಷ್ಟು ಸಂಬಳ ಸಾರ್?"

ಎಲ್ಲ ಆರ್ಡರಿನಲ್ಲೇ ಬರೆದಿದೆ ಎಂದು ಗುಮಾಸ್ತ ಬೆರಳಿಟ್ಟು ತೋರಿಸಿದ.

"ಬರೆದಿದ್ದು ಓದಿದೆ. ನೀವು ಬಾಯಲ್ಲಿ ಹೇಳಿ."

ಅವನು ವಿಚಿತ್ರವಾಗಿ ನೋಡಿದ. ಏಳೂವರೆ ಸಾವಿರ ಎಂದ. ಅವಳು ಸಹಿ ಮಾಡಿದಳು. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಕೆಳಗೆ ಬೇರೆಯದೊಂದು ಕುದಿಯುತ್ತಿತ್ತು. ಶನಿವಾರ ಎರಡು ಸಾವಿರದ ನಾನೂರು ಬೆಲೆ ಬಾಳುತ್ತಿದ್ದ ಕೈಗಳು ಸೋಮವಾರ ಏಳೂವರೆ ಸಾವಿರ ಬೆಲೆ ಬಾಳಿದವು. ನಡುವಿನ ಭಾನುವಾರ ಆ ಕೈಗಳು ಹೊಸದೇನನ್ನೂ ಕಲಿತಿರಲಿಲ್ಲ. ಮನೆಯಲ್ಲಿ ಪಾತ್ರೆ ತೊಳೆದಿದ್ದವು ಅಷ್ಟೆ.

ವಾಪಸು ಬರುವ ಬಸ್ಸಿನಲ್ಲಿ ರಂಗಪ್ಪನವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬಾಳೆಹೊನ್ನೂರು ದಾಟಿದ ಮೇಲೆ ಹೇಳಿದರು.

"ಕರಿಯಣ್ಣನ ಹತ್ರ ವರ್ಷವರ್ಷ ಇಪ್ಪತ್ತು ರೂಪಾಯಿಗೆ ಜಗಳ ಆಡ್ತೀನಿ. ನಿನ್ನ ಮಾತ್ರ ಪುಕ್ಕಟೆ ಕೊಟ್ಟು ಬಂದೆ ನೋಡು."

ಹೋಗಲಿ ಬಿಡಿ ಅಪ್ಪ ಎಂಬ ಮಾತು ಅವಳ ಬಾಯಿಗೆ ಬಂತು. ಒಳ್ಳೆಯ ಹೆಣ್ಣುಮಕ್ಕಳ ಬಾಯಿಗೆ ಅದು ತಾನಾಗಿಯೇ ಬರುತ್ತದೆ. ಅವಳು ಅದನ್ನು ನುಂಗಿಕೊಂಡಳು.

"ಹೌದಪ್ಪ" ಎಂದಳು. "ಕೊಟ್ಟು ಬಂದ್ರಿ."